ತೋಟದ ಬೀದಿಯ ಜನಸಂಖ್ಯೆ

ಮೇಲಿನೂರಿನವರು ಲಸಿಕೆ ಹಾಕಿಸಿಕೊಳ್ಳಲು ಮುಗಿಬಿದ್ದರು. ಕೆಳಗಿನೂರಿನವರು ಮುಖ ಊದಿಸಿಕೊಂಡು ಕೂತರು. ಎರಡಕ್ಕೂ ನಡುವೆ ಇದ್ದದ್ದು ಒಂದು ಏರು ರಸ್ತೆ, ಅಷ್ಟೇ. ರೋಗ ಆ ಏರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೇಲೆ ಕೆಳಗೆ ಸರಾಗವಾಗಿ ಓಡಾಡಿಕೊಂಡಿತ್ತು, ಮನುಷ್ಯರು ಮಾತ್ರ ಅಲ್ಲೇ ಗೆರೆ ಎಳೆದುಕೊಂಡರು. ಪೇಪರಿನವರು ದಿನಾ ಬರೆದರು: ಮೇಲಿನೂರಿನ ಜನ ತಿಳಿದವರು, ಅದರಲ್ಲೂ ತೋಟದ ಬೀದಿಯವರು ಎಲ್ಲರಿಗಿಂತ ಮುಂದೆ. ಕೆಳಗಿನೂರಿನ ಜನಕ್ಕೆ, ಅದರಲ್ಲೂ ಲಾಂಡ್ರಿ ಬೀದಿಯವರಿಗೆ, ತಿಳಿವಳಿಕೆ ಸಾಲದು, ಭಯ ಜಾಸ್ತಿ.

ಭಯವಂತೆ! ಭಯ ಇದ್ದಿದ್ದರೆ ಆ ಬೀದಿಯವರು ಆ ವರ್ಷ ಕೆಲಸಕ್ಕೆ ಇಳಿಯುತ್ತಿದ್ದರೇ? ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಬರುತ್ತಿದ್ದದ್ದು ಲಾಂಡ್ರಿ ಬೀದಿಗೇ. ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾಗ ಇವರು ಆ ಹೊದಿಕೆಗಳನ್ನು ಬಿಚ್ಚಿ, ಕೊಡವಿ, ಕುದಿಸಿ, ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ವಾಪಸ್ ಕಳಿಸುತ್ತಿದ್ದರು. ಕೈಗವಸು ಬೇಕೇನಮ್ಮ ಅಂತ ಒಬ್ಬರೂ ಕೇಳಲಿಲ್ಲ. ಬೀದಿಯ ಇಬ್ಬರು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಲಸಿಕೆ ಬಂದಿದೆ ಅಂತ ಸುದ್ದಿಯಾದಾಗ, ಮೊದಲು ನಮ್ಮನ್ನೇ ಕರೀತಾರೆ ಅಂತ ಇವರೆಲ್ಲ ಅಂದುಕೊಂಡಿದ್ದರು. ಪಾಪ, ಕೆಲಸ ಮುಗಿದ ಕೂಡಲೇ, ಒಗೆಯುವ ಸೋಡಾ ತಿಂದು ಬಿಳಿಚಿಕೊಂಡ ತೋಳಿನ ಅಂಗಿಯಲ್ಲೇ, ಒದ್ದೆ ಅಂಚಿನಲ್ಲೇ ಏರು ಹತ್ತಿ, ಲಸಿಕೆ ಹಾಕುತ್ತಿದ್ದ ಶಾಲೆಯ ಗೇಟಿಗೆ ಹೋಗಿ ನಿಂತರು.

ಗೇಟಿನವನು ಬಟ್ಟೆ ನೋಡಿಯೇ ಗುರುತು ಹಿಡಿದ. "ಏ, ನೀವು ಲಾಂಡ್ರಿಯವರಲ್ವಾ? ಆ ಹೊದಿಕೆ ಮುಟ್ಟಿದ ಕೈಗಳು ನಿಮ್ಮವು. ದೂರ ನಿಲ್ಲಿ, ದೂರ. ಮೊದ್ಲು ಊರಿನವರದ್ದು ಆಗ್ಲಿ," ಅಂದ.

ಊರಿನವರದ್ದು! ಹಾಗಾದರೆ ಇವರು ಯಾವ ಊರಿನವರು?

ಮುಂದೆ ನಿಂತಿದ್ದವಳು ಇಸ್ತ್ರಿಯಕ್ಕ. ಬೀದಿಯ ದೊಡ್ಡ ಇಸ್ತ್ರಿ ಕೋಣೆ ಅವಳದು. ಬೀದಿಗೆಲ್ಲ ಅವಳು ಅಕ್ಕ, ಹಾಗಾಗಿ ಬಾಯ್ಲರ್ ನೋಡಿಕೊಳ್ಳುವ ಅವಳ ಗಂಡ ಬೀದಿಗೆಲ್ಲ ಭಾವ. ಮದುವೆ ಮಾತುಕತೆಯಿರಲಿ, ಜಗಳವಿರಲಿ, ಕೊನೆಯ ಮಾತು ಅವಳದೇ. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಕಾದ ಇಸ್ತ್ರಿಪೆಟ್ಟಿಗೆ. ಅವತ್ತು ಅವಳಿಗೆ ಪಿತ್ತ ನೆತ್ತಿಗೇರಿತು.

"ಸರಿ ಕಣಪ್ಪ, ನಿಮ್ಮ ಊರಿನವರಿಗೇ ಹಾಕ್ಕೊಳ್ಳಿ," ಅಂದಳು, ಇಡೀ ಶಾಲೆಗೆ ಕೇಳುವ ಹಾಗೆ. "ಇನ್ಮೇಲೆ ನಮ್ಮ ಬೀದಿಯ ಒಬ್ಬರ ತೋಳಿಗಾದ್ರೂ ನಿಮ್ಮ ಸೂಜಿ ತಾಗಿದ್ರೆ ಆಗ ಕೇಳಿ ನನ್ನ!"

ತಿರುಗಿ ಇಳಿದಳು. ಹಿಂದೆಯೇ ಬೀದಿಗೆ ಬೀದಿಯೇ ಇಳಿಯಿತು. ಇದೇ ನೋಡಿ, ಪೇಪರಿನವರು ತಿಳಿವಳಿಕೆ ಸಾಲದು ಅಂದದ್ದು. ಮುನಿಸು ಅದು, ಶುದ್ಧ ಮುನಿಸು. ಮುನಿದವರನ್ನು ಹೋಗಿ ಒಂದು ಒಳ್ಳೆ ಮಾತಾಡಿ ಕರೆಯಬೇಕು ಅನ್ನುವುದು ಮೇಲಿನ ಒಬ್ಬ ಮಹಾನುಭಾವನಿಗೂ ಹೊಳೆಯಲಿಲ್ಲ. ಬದಲಿಗೆ ಮೈಕು ಕಟ್ಟಿದ ಗಾಡಿ ಕಳಿಸಿದರು. "ಹೆದರಬೇಡಿ, ಗಾಳಿಮಾತು ನಂಬಬೇಡಿ" ಅಂತ ಅದು ದಿನಾ ಬಂದು ಅರಚಿತು.

"ಯಾವನಯ್ಯ ಹೆದರಿದ್ದು?" ಅಂತ ಇಸ್ತ್ರಿಯಕ್ಕ ಕಿಟಕಿಯಿಂದ ಬಗ್ಗಿ, ಬಟ್ಟೆಗೆ ಚಿಮುಕಿಸುವ ನೀರನ್ನು ಗಾಡಿಯ ಮೇಲೆ ಚಿಮುಕಿಸಿದಳು. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗಾಳಿಮಾತು ಬರಲೇ ಇಲ್ಲ ಅಂತಲ್ಲ. ಮುನಿಸು ಇರುವ ಮನೆಗೆ ಅದು ಕರೆಯದೇ ಬರುತ್ತದೆ. ಲಸಿಕೆ ಹಾಕಿಸಿಕೊಂಡವರ ಮೈಗೆ ಚಮಚ, ಸೂಜಿ, ಮೊಳೆ ಎಲ್ಲ ಅಂಟಿಕೊಳ್ಳುತ್ತಂತೆ ಅಂತ ಯಾರೋ ಅಂದರು. "ನಮ್ಮ ಗುಂಡಿತಾತನ ಅಂಗಿ ತುಂಬ ಯಾವಾಗ್ಲೂ ಸೂಜಿ ಅಂಟ್ಕೊಂಡಿರತ್ತೆ, ಅವನಿಗೆ ಯಾವ ಪುಣ್ಯಾತ್ಮ ಚುಚ್ಚಿದ?" ಅಂತ ಇಸ್ತ್ರಿಯಕ್ಕ ಕೇಳಿದ ಮೇಲೆ ಆ ಮಾತು ಅಲ್ಲೇ ಬಿತ್ತು. ಗುಂಡಿತಾತ ಅಂದರೆ ಬಿಚ್ಚಿಹೋದ ಗುಂಡಿಗಳನ್ನು ಹೊಲಿದುಕೊಡುವ ಮುದುಕ. ನಿಜ ಹೇಳಬೇಕೆಂದರೆ ಅವಳು ಒಂದು ಗಾಳಿಮಾತನ್ನೂ ನಂಬಿರಲಿಲ್ಲ. ಲಸಿಕೆ ಒಳ್ಳೆಯದು ಅಂತ ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಹಟ ಹಿಡಿದು ಕೂತಿದ್ದಳು. ಆಡಿದ ಮಾತು ಆಡಿ ಆಗಿತ್ತಲ್ಲ.

ಹೀಗಿರುವಾಗ ಮೇಲಿನೂರಿಂದ ಮಗಳ ಫೋನು ಬಂತು.

ಒಬ್ಬಳೇ ಮಗಳು. ಮೇಲಿನೂರಿನ ತೋಟದ ಬೀದಿಗೇ ಕೊಟ್ಟಿದ್ದರು. ಏಳನೇ ತಿಂಗಳು ನಡೆಯುತ್ತಿತ್ತು. ರೋಗ ಶುರುವಾದಾಗಿನಿಂದ ತಾಯಿ ಮಗಳು ಫೋನಿನಲ್ಲೇ ನಕ್ಕು, ಫೋನಿನಲ್ಲೇ ಅತ್ತು ದಿನ ದೂಡಿದ್ದರು.

"ಅಮ್ಮ, ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡ್ತಾರಂತೆ. ಅವರಿಗೆ ಎರಡೂ ಲಸಿಕೆ ಆಗಿ ಹದಿನೈದು ದಿನ ಕಳೆದಿರ್ಬೇಕಂತೆ. ಡಾಕ್ಟರು ಇವತ್ತು ಹೇಳಿದ್ರು."

"ನಿಮ್ಮತ್ತೆಗೆ ಆಗಿದೆಯಲ್ಲ," ಅಂದಳು ಇಸ್ತ್ರಿಯಕ್ಕ. ಮಾತು ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ಆಗಿದೆ. ಒಳ್ಳೆಯವರೇ. ಆದ್ರೆ ಅಲ್ಲಿ ನನಗೆ ನೀನು ಬೇಕು." "ಬರೋಕಾಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು ಅಮ್ಮ. ನಿನ್ನ ಹಟ ನನಗೆ ಗೊತ್ತಿಲ್ವಾ? ಸುಮ್ನೆ ಆಸೆ ಇಟ್ಕೊಂಡು ಕೂತ್ಕೊಳ್ಳಲ್ಲ."

"ನೋಡೋಣ ತಡಿ," ಅಂತ ಇಸ್ತ್ರಿಯಕ್ಕ ಫೋನು ಇಟ್ಟಳು. ಆ ಮಧ್ಯಾಹ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿಯ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟಳು.

ಇನ್ನು ಬೀಗಿತ್ತಿಯ ವಿಷಯ. ಮಗಳ ಅತ್ತೆ ನಿವೃತ್ತ ನರ್ಸು. ರೋಗ ಬಂದ ಮೇಲೆ ಅವರನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡಿದ್ದರು, ಶಾಲೆಯಲ್ಲಿ ಲಸಿಕೆ ಹಾಕುತ್ತಿದ್ದರು. ಜಗಳ ಅಂತ ಆಗಿರಲಿಲ್ಲ. ಆದರೆ ಮದುವೆಯಾದ ದಿನದಿಂದ ಆ ಮನೆಯ ಒಂದು ಬಟ್ಟೆಯೂ ಲಾಂಡ್ರಿ ಬೀದಿಗೆ ಬಂದಿರಲಿಲ್ಲ. ಅದಕ್ಕೆ ಮುಂಚೆ ವಾರಾವಾರ ಬರುತ್ತಿತ್ತು! "ಮಗಳನ್ನ ತಗೊಂಡ್ರು, ನಮ್ಮ ಕೈ ಒಗೆದದ್ದು ಮಾತ್ರ ಅವರ ಮೈಗೆ ಆಗಿಬರಲ್ಲ," ಅಂತ ಇಸ್ತ್ರಿಯಕ್ಕ ಗಂಡನ ಹತ್ತಿರ ಎಷ್ಟು ಸಲ ಹೊಟ್ಟೆ ಉರಿಸಿಕೊಂಡಿದ್ದಳೋ. ಈಗ ಅದೇ ಬೀಗಿತ್ತಿ ಹೆರಿಗೆ ಕೋಣೆಯೊಳಗೆ ಮಗಳ ಕೈ ಹಿಡಿದು ನಿಲ್ಲುವುದು, ಇವಳು ಕೆಳಗೆ ಇಸ್ತ್ರಿ ತಿಕ್ಕುತ್ತಾ ಫೋನು ಕಾಯುವುದು. ಅದಾಗುವ ಮಾತೇ?

ಹಾಗಂತ ಹೋಗಿ ಹಾಕಿಸಿಕೊಂಡರೆ? ಬೀದಿಗೆ ಬೀದಿಯನ್ನೇ ಕಟ್ಟಿಹಾಕಿ, ಕೊನೆಗೆ ತಾನೇ ಕಳ್ಳಬಾಗಿಲಿನಿಂದ ನುಗ್ಗಿದಳು ಅನ್ನಿಸಿಕೊಳ್ಳುವುದೇ? ಯಾವ ಮುಖ ಇಟ್ಟುಕೊಂಡು ಆ ಬೀದಿಯಲ್ಲಿ ಓಡಾಡುವುದು?

"ಹೋಗಿ ಹಾಕಿಸ್ಕೊಂಡು ಬಾರೇ," ಅಂದ ಗಂಡ, ಬಾಯ್ಲರಿನ ಮುಳ್ಳು ನೋಡುತ್ತಾ. "ಬೀದಿಯವರಿಗೆ ನಾನು ಹೇಳ್ತೀನಿ."

"ಹೇಳಿ ನೋಡಿ! ನಿಮ್ಮ ನಾಲಿಗೆಗೇ ಇಸ್ತ್ರಿ ಹಾಕ್ತೀನಿ."

"ಹಾಕು. ಸುಕ್ಕಾದ್ರೂ ಹೋಗತ್ತೆ."

ಅವನಿಗೆ ಆಗ ತೋಳು ನೋವು. ಬಾಯ್ಲರಿನ ಹಿಡಿ ತಿರುಗಿಸುವಾಗ ಉಳುಕಿತು ಅಂದಿದ್ದ. ಇಸ್ತ್ರಿಯಕ್ಕ ಎರಡು ದಿನದಿಂದ ದಪ್ಪ ಬಟ್ಟೆಯನ್ನು ಇಸ್ತ್ರಿಯಲ್ಲಿ ಬಿಸಿ ಮಾಡಿ ಮಾಡಿ ಅವನ ತೋಳಿಗೆ ಶಾಖ ಕೊಡುತ್ತಿದ್ದಳು.

ಕೊನೆಗೆ ಅವಳು ಕಳ್ಳಬಾಗಿಲನ್ನೇ ಆರಿಸಿಕೊಂಡಳು. ಶಾಲೆಗೆ ಹೋದರೆ ಬೀಗಿತ್ತಿ ಸಿಗುತ್ತಾರೆ, ಬೇಡ. ಮೇಲಿನೂರಿನ ಲೈಬ್ರರಿಯಲ್ಲೂ ಲಸಿಕೆ ಹಾಕುತ್ತಾರೆ ಅಂತ ಕೇಳಿದ್ದಳು. ಬಟ್ಟೆಯೆಲ್ಲ ಒಣಗಲು ಹಾಕಿ ಬೀದಿಯವರು ಸ್ವಲ್ಪ ಅಡ್ಡಾಗುವ ಮಧ್ಯಾಹ್ನದ ಹೊತ್ತಿಗೆ ಹೋಗಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಉಡುಪು? ಅವಳ ಹತ್ತಿರ ಇದ್ದ ಅಂಗಿಗಳೆಲ್ಲ ಸೋಡಾ ತಿಂದವು. ಗೇಟಿನಲ್ಲಿ ಮತ್ತೆ "ಏ, ಲಾಂಡ್ರಿಯವರಲ್ವಾ?" ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು.

ಲಾಂಡ್ರಿ ಬೀದಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಏನಾದರೂ ಆಗಲಿ, ಗಿರಾಕಿಯ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳಬಾರದು. ಒಮ್ಮೆ ಅವಳ ಸ್ವಂತ ಮೈದುನ ಗಿರಾಕಿಯ ಕೋಟು ಹಾಕಿಕೊಂಡು ಸಿನಿಮಾಕ್ಕೆ ಹೊರಟಿದ್ದಾಗ ಇದೇ ಇಸ್ತ್ರಿಯಕ್ಕ ನಡುಬೀದಿಯಲ್ಲಿ ಕೋಟು ಬಿಚ್ಚಿಸಿ, ಬನಿಯನ್ನಿನಲ್ಲಿ ಮನೆಗೆ ಅಟ್ಟಿದ್ದಳು. ಈಗ ಅವಳೇ, ಆಚೆ ಈಚೆ ನೋಡಿ, ಪೋಸ್ಟ್ ಆಫೀಸಿನ ಅಮ್ಮನ ಗಂಟಿನಿಂದ ಒಂದು ಹಸಿರು ಉಣ್ಣೆಯ ಉದ್ದನೆ ಕೋಟನ್ನು ಎಳೆದುಕೊಂಡಳು. "ಒಂದು ಗಂಟೆ ಮಟ್ಟಿಗೆ ಕಣವ್ವ, ಕ್ಷಮಿಸು," ಅಂತ ಕೋಟಿಗೇ ಹೇಳಿದಳು. ತಲೆಗೆ ಶಾಲು, ಮುಖಕ್ಕೆ ಮಾಸ್ಕು. ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಬ್ಯಾಂಕಿನ ಹೆಂಗಸು ನಿಂತಿದ್ದಳು.

"ಬಟ್ಟೆಗೆ ಹಾಕೋ ನೀಲಿ ಮುಗಿದಿದೆ, ತರ್ತೀನಿ," ಅಂತ ಗಂಡನಿಗೆ ಬಾಗಿಲಾಚೆಯಿಂದಲೇ ಕೂಗಿ ಹೊರಟಳು.

ಲೈಬ್ರರಿಯಲ್ಲಿ ಗೇಟಿನವನು ಕೋಟಿಗೆ ನಮಸ್ಕಾರ ಮಾಡಿ ಒಳಗೆ ಬಿಟ್ಟ. ಪುಸ್ತಕದ ಕಪಾಟುಗಳ ನಡುವೆ ಸಾಲು ನಿಂತಿತ್ತು. ಎಲ್ಲರೂ ಮಾಸ್ಕು ಹಾಕಿದವರೇ, ಯಾರು ಯಾರೋ. ಸದ್ಯ, ಬದುಕಿದೆ ಅಂದುಕೊಂಡು ಇಸ್ತ್ರಿಯಕ್ಕ ಸಾಲಿಗೆ ಸೇರಿಕೊಂಡಳು. ಕಣ್ಣು ತಾನಾಗಿ ಮುಂದಿನವರ ಬಟ್ಟೆಯ ಮೇಲೆ ಹರಿಯಿತು. ಅಭ್ಯಾಸ, ಏನು ಮಾಡುವುದು.

ಎದುರಿಗೆ ವಕೀಲರ ಕರಿ ಕೋಟು. ಅದನ್ನು ನಿನ್ನೆ ಸಾಯಂಕಾಲ ತಾನೇ ಇಸ್ತ್ರಿ ಮಾಡಿ ನೇತುಹಾಕಿದ್ದಳು. ಬೆನ್ನಿನ ಗೆರೆ ಅವಳದೇ ಕೈಯ ಗೆರೆ. ಆದರೆ ವಕೀಲರು ಆರಡಿ ಆಳು. ಒಂದೇ ದಿನದಲ್ಲಿ ಇಷ್ಟು ಕುಗ್ಗಿದರೇ? ತೋಳು ಬೆರಳ ತುದಿಯನ್ನೂ ದಾಟಿ ಜೋತಾಡುತ್ತಿತ್ತು. ಅದರ ಮುಂದೆ ಸಂಗೀತದ ಟೀಚರಮ್ಮನ ನೀಲಿ ಅಂಗಿ, ಕಾಲರು ರಟ್ಟಿನ ಹಾಗೆ ನಿಂತಿತ್ತು. ಕಾಲರಿಗೆ ಅಷ್ಟು ಗಂಜಿ ಹಾಕುವ ಕೈ ಈ ಭೂಮಿಯ ಮೇಲೆ ಒಂದೇ ಇದ್ದದ್ದು.

ಅಷ್ಟರಲ್ಲಿ ಇವಳ ಹಿಂದೆ ಒಬ್ಬ ಉದ್ದನೆಯವರು ಬಂದು ನಿಂತರು. ನಿಜವಾದ ವಕೀಲರು. ಬಗ್ಗಿ, ಕರಿ ಕೋಟಿನವನನ್ನು ಮಾತಾಡಿಸಿದರು. "ಅರೆ, ಚೆನ್ನಾಗಿದೆ ರೀ ಕೋಟು. ನನ್ನ ಹತ್ರಾನೂ ಥೇಟ್ ಇಂಥದ್ದೇ ಒಂದಿದೆ, ಲಾಂಡ್ರಿಗೆ ಕೊಟ್ಟಿದ್ದೀನಿ."

"ಒಳ್ಳೇ ಬಟ್ಟೆ ಸ್ವಾಮಿ," ಅಂದಿತು ಕೋಟಿನೊಳಗಿನ ದನಿ, ತಿರುಗಿ ನೋಡದೆ. "ಬಾಳಿಕೆ ಬರತ್ತೆ."

ಗುಂಡಿತಾತ! ವಕೀಲರು ಫೋನು ಬಂತೆಂದು ಆಚೆ ಸರಿದದ್ದೇ ತಡ, ಇಸ್ತ್ರಿಯಕ್ಕ ಆ ಕೋಟಿನ ಬೆನ್ನಿಗೆ ಬೆರಳಿನಿಂದ ತಿವಿದಳು. ತಾತ ತಿರುಗಿದ. ಮಾಸ್ಕಿನ ಮೇಲೆ ಎರಡು ಕಣ್ಣು, ಹೆದರಿದ ಕೋಳಿಯ ಹಾಗೆ. ಗಂಜಿ ಕಾಲರಿನ ಹೆಂಗಸೂ ತಿರುಗಿದಳು. ಪಕ್ಕದ ಮನೆಯ ಗಂಜಿಯಮ್ಮ, ಇನ್ಯಾರು? ಮೂವರೂ ಒಬ್ಬರ ಬಟ್ಟೆ ಒಬ್ಬರು ನೋಡಿಕೊಂಡು ನಿಂತರು.

"ಅಕ್ಕಾ... ನೀವೂನಾ?" ಅಂದಳು ಗಂಜಿಯಮ್ಮ.

"ನಾನು ನೀಲಿ ತಗೊಳ್ಳೋಕೆ ಬಂದೆ."

"ಲೈಬ್ರರೀಲಿ ನೀಲಿ ಸಿಗತ್ತಾ?"

"ನನ್ನ ವಿಷಯ ಹಾಳಾಗ್ಲಿ! ನೀವಿಬ್ರೂ ಇಲ್ಲೇನು ಮಾಡ್ತಿದ್ದೀರಿ? ಅದೂ ಗಿರಾಕಿ ಬಟ್ಟೆ ಹಾಕ್ಕೊಂಡು!" ಅಂತ ಪಿಸುಗುಟ್ಟಿದಳು ಇಸ್ತ್ರಿಯಕ್ಕ. ತಾನು ಹಾಕಿಕೊಂಡಿದ್ದು ಆ ಕ್ಷಣ ಮರೆತೇಹೋಗಿತ್ತು.

ಗುಂಡಿತಾತ ಕೈ ಮುಗಿದ. "ಸಿಟ್ಟು ಮಾಡ್ಕೋಬೇಡ ತಾಯಿ. ನಮ್ಮದು ಇವತ್ತು ಎರಡನೇದು."

"ಎರಡನೇದಾ? ಮೊದಲನೇದು ಯಾವಾಗ ಹಾಕಿಸ್ಕೊಂಡ್ರಿ?"

"ಹೋದ ತಿಂಗಳು."

ಇಸ್ತ್ರಿಯಕ್ಕ ಇನ್ನೂ ಹತ್ತಿರ ಬಗ್ಗಿದಳು. "ಬೀದೀಲಿ ಇನ್ನೂ ಯಾರ್ಯಾರು ಹಾಕಿಸ್ಕೊಂಡಿದ್ದಾರೆ? ಒಬ್ಬೊಬ್ಬರದ್ದೇ ಹೇಳಿ."

"ಯಾರ್ಯಾರು ಹಾಕಿಸ್ಕೊಂಡಿಲ್ಲ ಅಂತ ಕೇಳಿ ಅಕ್ಕ, ಬೇಗ ಮುಗಿಯತ್ತೆ," ಅಂದಳು ಗಂಜಿಯಮ್ಮ.

"ಸರಿ. ಯಾರು ಹಾಕಿಸ್ಕೊಂಡಿಲ್ಲ?"

ಗಂಜಿಯಮ್ಮ ಚಾವಣಿ ನೋಡಿದಳು. ಗುಂಡಿತಾತ ವಕೀಲರ ಕೋಟಿನ ಗುಂಡಿ ಗಟ್ಟಿಯಾಗಿದೆಯೇ ಅಂತ ನೋಡಿದ. ಕೊನೆಗೆ ಅವನೇ, "ನೀನೊಬ್ಬಳೇ ಕಣಮ್ಮ," ಅಂದ. "ನಮ್ಮ ಭಾವ ಕೂಡ ಮೊನ್ನೆ ಬಂದು ಹೋದ್ರು."

ಭಾವ ಕೂಡ! ಬಾಯ್ಲರಿನ ಹಿಡಿ ಉಳುಕಿಸಿದ ತೋಳು! ಎರಡು ದಿನ ಶಾಖ ಕೊಟ್ಟಿದ್ದು! ಮೊದಲು ಬಂದದ್ದು ಸಿಟ್ಟೇ. ಇವರಿಗೆಲ್ಲ ಈಗಲೇ ಇಲ್ಲೇ ನೀರಿಳಿಸಿಬಿಡೋಣ ಅಂತ ಬಾಯಿ ತೆಗೆದಳು. ಅಷ್ಟರಲ್ಲಿ ಗಂಜಿಯಮ್ಮ ಎದೆ ಹಿಡಿದುಕೊಂಡು ಸಣ್ಣಗೆ ಕೆಮ್ಮಿದಳು. ಅವಳಿಗೆ ಮೊದಲಿನಿಂದಲೂ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬೇರೆ ದಿನವಾಗಿದ್ದರೆ ಆ ಏರು ಹತ್ತುವಾಗ ಅವಳ ರಟ್ಟೆ ಹಿಡಿದುಕೊಂಡು ಹೋಗುತ್ತಿದ್ದವಳು ಇಸ್ತ್ರಿಯಕ್ಕನೇ. ಈ ಸಲ ಅವಳು ಎರಡೆರಡು ಬಾರಿ, ಒಬ್ಬಳೇ, ಕದ್ದು ಹತ್ತಿದ್ದಳು. ರೋಗಕ್ಕೆ ಹೆದರಿ ಅಲ್ಲ, ಸೂಜಿಗೆ ಹೆದರಿಯೂ ಅಲ್ಲ. ಅಕ್ಕನಿಗೆ ಗೊತ್ತಾದರೆ ಏನಪ್ಪಾ ಗತಿ ಅಂತ ಹೆದರಿ.

ಇಸ್ತ್ರಿಯಕ್ಕ ಕೈ ಚಾಚಿ ಗಂಜಿಯಮ್ಮನ ಬೆನ್ನು ನೀವಿದಳು. ಇಷ್ಟು ದಿನ ಬೀದಿಯ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಬೀದಿ ಇವಳ ಮಾನ ಕಾಯುತ್ತಿತ್ತು. ಇವಳೊಬ್ಬಳ ಮಾತು ಬೀಳದಿರಲಿ ಅಂತ ಅಷ್ಟೂ ಜನ ಕಳ್ಳರ ಹಾಗೆ ಓಡಾಡಿ, ಇವಳ ಜೋಕಿಗೆ ಹೊಟ್ಟೆ ಹಿಡಿದು ನಕ್ಕಿದ್ದರು. ನಾಚಿಕೆಯಾಯಿತು ಅವಳಿಗೆ, ಕಿವಿ ಬಿಸಿಯಾಗುವಷ್ಟು ನಾಚಿಕೆ.

"ನನಗೊಂದು ಮಾತು ಹೇಳಬಾರದಿತ್ತೇನೇ?" ಅಂದಳು ಮೆಲ್ಲಗೆ.

"ಹೇಳಿದ್ರೆ ನೀವು ಬಿಡ್ತಿದ್ರಾ ಅಕ್ಕ?" ಅಂದಳು ಗಂಜಿಯಮ್ಮ.

ಇಲ್ಲ, ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸಾಲು ಮುಂದೆ ಹೋಗಲಿ ಅಂತ ಹಿಂದಿನವರು ಗೊಣಗಿದರು. "ಅಕ್ಕ, ನೀವು ಮೊದ್ಲು ಹೋಗಿ," ಅಂತ ಅವರಿಬ್ಬರೂ ದಾರಿ ಬಿಟ್ಟರು. ಅಭ್ಯಾಸ, ಅವರಿಗೂ.

ಮೇಜಿನ ಹಿಂದೆ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ನರ್ಸು ಕೂತಿದ್ದರು. ಇಸ್ತ್ರಿಯಕ್ಕ ಕುರ್ಚಿಯಲ್ಲಿ ಕೂತು, ಸೀಳಿದ ಬೆರಳು ಕಾಣದಿರಲಿ ಅಂತ ಎಡಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟಳು.

"ಆ ಜೇಬಲ್ಲಿ ತೂತಿದೆ," ಅಂದರು ನರ್ಸು ತಗ್ಗಿದ ದನಿಯಲ್ಲಿ. "ಹುಷಾರು, ಬೆರಳು ಸಿಕ್ಕಿಹಾಕ್ಕೊಳ್ಳತ್ತೆ."

ಆ ದನಿ! ಮುಖದ ಮುಚ್ಚಿಗೆಯ ಹಿಂದೆ ಬೀಗಿತ್ತಿಯ ಕಣ್ಣುಗಳು ನಗುತ್ತಿದ್ದವು. ಶಾಲೆಯಿಂದ ಅವರನ್ನು ಇಲ್ಲಿಗೆ ಬದಲಾಯಿಸಿದ್ದರು.

"ಇದು... ಪೋಸ್ಟ್ ಆಫೀಸಿನ ಅಮ್ಮನ ಗಂಟಲ್ಲಿ..."

"ಹೌದು, ಕೋಟು ನಂದೇ, ಅವರ ಗಂಟಲ್ಲಿ ಕಳಿಸ್ತೀನಿ. ನಮ್ಮ ಮನೆ ಬಟ್ಟೆಯೆಲ್ಲ ನಿಮ್ಮಲ್ಲಿಗೇ ಬರೋದು. ಬೀಗರಾದ ಮೇಲೆ ನಮ್ಮ ಕೊಳೆ ಬಟ್ಟೆನ ನಿಮ್ಮ ಕೈಗೆ ನಾನೇ ಹೇಗೆ ಕೊಡೋದು ಹೇಳಿ? ಬೇರೆ ಕಡೆ ಕೊಟ್ಟು ನೋಡಿದೆ, ಸರಿಹೋಗಲಿಲ್ಲ." ಬೀಗಿತ್ತಿ ಸೂಜಿ ತೆಗೆದುಕೊಂಡರು. "ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ?"

ಎಷ್ಟು ವರ್ಷದ ಹೊಟ್ಟೆಯುರಿ, ದಂಡವಾಗಿ ಹೋಯಿತು.

"ಈಗ ಬೀದಿ ಹೆಸರು ಬರೀಬೇಕು," ಅಂದರು ಬೀಗಿತ್ತಿ. "ತೋಟದ ಬೀದಿ ಅಂತ ಹಾಕ್ಲಾ?"

"ಅದು ನಿಮ್ಮ ಬೀದಿಯಲ್ವಾ?"

"ಹೌದು. ನಿಮ್ಮವರು ಮೊದಮೊದ್ಲು ಬಂದಾಗ ಬೀದಿ ಯಾವುದು ಅಂತ ಕೇಳಿದ್ರೆ ಮುಖ ಕೆಳಗೆ ಹಾಕೋರು. ಕೈ ನೋಡಿದ್ರೆ ಗೊತ್ತಾಗಲ್ವಾ, ಸೋಡಾಕ್ಕೆ ಸೀಳಿದ ಬೆರಳು? ಗುಟ್ಟಾಗಿ ಬಂದಿದ್ದಾರೆ, ಬಿಟ್ಟುಕೊಡೋದು ಬೇಡ ಅಂತ ನಾನೇ ತೋಟದ ಬೀದಿ ಅಂತ ಬರೆದೆ. ಬೇರೆಯವರ ಬೀದಿ ಬರೆಯೋಕೆ ನನಗೇನು ಹಕ್ಕಿದೆ? ನಮ್ಮ ಬೀದೀಲಿ ಇರೋದು ಹನ್ನೆರಡು ಮನೆ. ಇಲ್ಲೀವರೆಗೆ ಇನ್ನೂರು ಚಿಲ್ಲರೆ ಜನಕ್ಕೆ ಲಸಿಕೆ ಆಗಿದೆ. ಮೇಲಿನವರು ಪೇಪರಲ್ಲಿ ಹೊಗಳಿದ್ದೇ ಹೊಗಳಿದ್ದು, ಒಬ್ಬರಾದ್ರೂ ಮನೆ ಎಣಿಸಿಲ್ಲ."

ಇಸ್ತ್ರಿಯಕ್ಕನಿಗೆ ಮಾಸ್ಕಿನೊಳಗೇ ನಗು ಬಂತು. ನಗು ಬಂದ ಹಿಂದೆಯೇ ಕಣ್ಣು ತುಂಬಿತು. ಬೀಗಿತ್ತಿ ಅದನ್ನು ಕಂಡರು, ದನಿ ಇನ್ನೂ ತಗ್ಗಿಸಿದರು.

"ಆ ಗೇಟಿನ ಮಾತು ನನಗೂ ಕೇಳಿಸಿತ್ತು ಬೀಗಿತ್ತಿ. ಯಾರಾದ್ರೂ ಕೆಳಗೆ ಬಂದು ನಿಮ್ಮನ್ನ ಕರೀಬೇಕಿತ್ತು. ಬೇರೆಯವರು ಹೋಗ್ಲಿ, ನಾನಾದ್ರೂ ಬರಬೇಕಿತ್ತು. ತಪ್ಪಾಯ್ತು. ನಿಮ್ಮ ಮಗಳು ದಿನಾ ನಿಮ್ಮ ಹೆಸರೇ ಜಪಿಸ್ತಾಳೆ. ಹೆರಿಗೆಗೆ ನೀವು ಒಳಗಿರ್ಬೇಕು, ನಾನಲ್ಲ. ಹಾಕಿಸ್ಕೊಳ್ಳಿ."

ಅಷ್ಟೇ ಬೇಕಾಗಿದ್ದದ್ದು. ಮೈಕು ಕಟ್ಟಿದ ಗಾಡಿ ಆರು ತಿಂಗಳು ಅರಚಿದರೂ ಆಗದ ಕೆಲಸ ಅದು. ಇಸ್ತ್ರಿಯಕ್ಕ ಎದ್ದು ನಿಂತು ಹಸಿರು ಕೋಟನ್ನು ಬಿಚ್ಚಿದಳು. ಮಡಿಸಿ, ಗೆರೆ ಸರಿಮಾಡಿ, ಮೇಜಿನ ಮೇಲಿಟ್ಟಳು. ಒಳಗೆ ಅವಳದೇ ಅಂಗಿ, ತೋಳಿನಲ್ಲಿ ಬಿಳಿ ಬಿಳಿ ಕಲೆ, ಅಂಚು ಇನ್ನೂ ಒದ್ದೆ.

"ಬರ್ಕೊಳ್ಳಿ," ಅಂದಳು. ದನಿ ತಗ್ಗಿಸಲಿಲ್ಲ, ತಗ್ಗಿಸುವ ದನಿಯೇ ಅಲ್ಲ ಅವಳದು. ಕಪಾಟಿನ ಆಚೆಯವರೂ ತಿರುಗಿ ನೋಡಿದರು. "ಕೆಳಗಿನೂರು. ಲಾಂಡ್ರಿ ಬೀದಿ. ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿ. ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ ಬೀಗಿತ್ತಿ."

ಹಿಂದೆ ಗುಂಡಿತಾತ ವಕೀಲರ ಕೋಟನ್ನು ಆಗಲೇ ಬಿಚ್ಚುತ್ತಿದ್ದ. ಫೋನು ಮುಗಿಸಿ ಬಂದ ವಕೀಲರಿಗೇ ಅದನ್ನು ಕೊಟ್ಟು, "ತಗೊಳ್ಳಿ ಸ್ವಾಮಿ, ಇಸ್ತ್ರಿ ಆಗಿದೆ. ಮನೆಗೇ ತಲುಪಿಸೋದು ಇತ್ತು, ಇಲ್ಲೇ ಸಿಕ್ಕಿದ್ರಿ," ಅಂದ. ವಕೀಲರು ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ತಾತ ಎದೆ ಸೆಟೆಸಿ, "ನಂದೂ ಲಾಂಡ್ರಿ ಬೀದೀನೇ. ಆ ತೋಟದ ಬೀದೀನ ಹೊಡೆದುಹಾಕಿ ತಾಯಿ," ಅಂದ. ಗಂಜಿಯಮ್ಮ ಒಳಗೆ ಏನೂ ಹಾಕಿಕೊಂಡಿರಲಿಲ್ಲವಾದ್ದರಿಂದ ಟೀಚರಮ್ಮನ ಅಂಗಿಯಲ್ಲೇ ಉಳಿದಳು, ಆದರೆ ಬೀದಿಯ ಹೆಸರನ್ನು ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು.

ಮೂವರೂ ಜೊತೆಯಾಗಿ ಏರು ಇಳಿದರು. ಇಸ್ತ್ರಿಯಕ್ಕ ಗಂಜಿಯಮ್ಮನ ರಟ್ಟೆ ಹಿಡಿದುಕೊಂಡಿದ್ದಳು. ಬೀದಿಯ ಬಾಯಲ್ಲಿ ನಿಂತು, "ಎಲ್ಲರೂ ಹೊರಗೆ ಬನ್ನಿ, ಕಳ್ಳರಾ!" ಅಂತ ಕೂಗಿದಳು. ಒಬ್ಬೊಬ್ಬರೇ ಬಾಗಿಲಿಗೆ ಬಂದರು, ತಪ್ಪು ಮಾಡಿದ ಮುಖ ಹೊತ್ತುಕೊಂಡು. ಅವಳು ತೋಳು ಎತ್ತಿ, ಹತ್ತಿ ಅಂಟಿಸಿದ ಜಾಗ ತೋರಿಸಿದಳು. ಆಮೇಲೆ ಎದ್ದ ನಗು ಇದೆಯಲ್ಲ, ಬಾಯ್ಲರಿನ ಶಬ್ದವನ್ನೂ ಮುಚ್ಚಿಹಾಕಿತು. ಭಾವ ಮಾತ್ರ ಕಣ್ಣಿಗೆ ಬೀಳದೆ ಬಾಯ್ಲರಿನ ಹಿಂದೆ ಅಡಗಿ ಕೂತಿದ್ದ. ಅವನಿಗೆ ಅವತ್ತು ನಿಜವಾಗಿಯೂ ಒಂದು ಗುದ್ದು ಬಿತ್ತು, ನೋವಿಲ್ಲದ ತೋಳಿಗೆ.

ಬೀದಿಯವರೆಲ್ಲ ಒಬ್ಬೊಬ್ಬರಾಗಿ ಹೋಗಿ ಬೀಗಿತ್ತಿಯ ಹತ್ತಿರ ತಮ್ಮ ಬೀದಿಯ ಹೆಸರು ತಿದ್ದಿಸಿ ಬಂದರು. ಮರುವಾರ ಪೇಪರಿನಲ್ಲಿ ಬಂತು: ಕೆಳಗಿನೂರಿನಲ್ಲಿ ಒಂದೇ ಏಟಿಗೆ ಲಸಿಕೆಯ ಲೆಕ್ಕ ಏರಿದೆ, ಮೈಕು ಕಟ್ಟಿದ ಗಾಡಿಯ ತಿಳಿವಳಿಕೆ ಕಾರ್ಯಕ್ರಮ ಫಲ ಕೊಟ್ಟಿದೆ. ಬೀದಿಯವರು ಓದಿ ನಕ್ಕು, ಆ ಪೇಪರಿನಲ್ಲಿ ಇಸ್ತ್ರಿ ಬಟ್ಟೆ ಕಟ್ಟಿ ಕಳಿಸಿದರು. ತೋಟದ ಬೀದಿಯ ಜನ ಯಾಕೆ ದಿಢೀರನೆ ಕಮ್ಮಿಯಾದರು ಅಂತ ಯಾರೂ ಬರೆಯಲಿಲ್ಲ. ಇಸ್ತ್ರಿಯಕ್ಕನ ಎರಡನೇ ಲಸಿಕೆ ಬಟ್ಟೆ ಒಣಗಿಸುವ ಅಂಗಳದಲ್ಲೇ ಆಯಿತು. ಬೀಗಿತ್ತಿ ಕೆಳಗೆ ಬಂದು, ಹಗ್ಗಕ್ಕೆ ನೇತುಹಾಕಿದ ಹೊದಿಕೆಗಳ ನೆರಳಲ್ಲಿ ಮೇಜು ಹಾಕಿಕೊಂಡು, ಬೀದಿಯಲ್ಲಿ ಎರಡನೇದು ಬಾಕಿ ಇದ್ದವರಿಗೆಲ್ಲ ಹಾಕಿದರು. ಹೋಗುವಾಗ ಬಟ್ಟೆಯ ಗಂಟನ್ನು ನೇರವಾಗಿ ಇಸ್ತ್ರಿಯಕ್ಕನ ಕೈಗೇ ಕೊಟ್ಟರು.

ಒಂಬತ್ತು ತಿಂಗಳು ತುಂಬಿ ಒಂದು ದಿನ ಬೆಳಗಿನ ಹೊತ್ತಿಗೆ ಮಗಳಿಗೆ ನೋವು ಶುರುವಾಯಿತು. ಆಸ್ಪತ್ರೆಯವರು ಲಸಿಕೆಯ ಕಾರ್ಡು ನೋಡಿ ಇಸ್ತ್ರಿಯಕ್ಕನನ್ನು ಒಳಗೆ ಬಿಟ್ಟರು. ಬೀಗಿತ್ತಿ ಹೊರಗಿನ ಬೆಂಚಿನ ಮೇಲೆ ಬಿಸಿನೀರಿನ ಫ್ಲಾಸ್ಕು ಹಿಡಿದು ಕೂತರು. ಮಗಳು ಅಮ್ಮನ ಎರಡೂ ಕೈ ಹಿಡಿದು, ಬೈದು, ಕೂಗಿ, ಅತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಹೆಣ್ಣುಮಗುವನ್ನು ಹೆತ್ತಳು. ಮಗು ಹುಟ್ಟಿದ್ದೇ ಬಾಯಿ ಬಿಟ್ಟು ಅತ್ತ ಅಳು ಕೇಳಿ ಡಾಕ್ಟರೇ ನಕ್ಕರು. ಯಾರ ದನಿ ಬಂದಿದೆ ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಒರೆಸಿ ಸುತ್ತಿದ ಮಗುವನ್ನು ಇಸ್ತ್ರಿಯಕ್ಕನ ಕೈಗೆ ಕೊಟ್ಟರು. ಮಗಳು ದಿಂಬಿಗೆ ತಲೆ ಒರಗಿಸಿ, ಬೆವೆತ ಮುಖದಲ್ಲಿ ಅಮ್ಮನನ್ನೇ ನೋಡುತ್ತಿದ್ದಳು.

"ಅಮ್ಮ, ನೀನು ಬರ್ತೀಯ ಅಂತ ನನಗೆ ನಂಬಿಕೆಯೇ ಇರಲಿಲ್ಲ."

"ನನಗೂ ಇರಲಿಲ್ಲ ಕಣೇ," ಅಂದಳು ಇಸ್ತ್ರಿಯಕ್ಕ. ಮಗಳು ಕೈ ಚಾಚಿದಳು. ಮಗುವನ್ನು ಅವಳ ಪಕ್ಕಕ್ಕೆ ಮಲಗಿಸಿ, ಇಸ್ತ್ರಿಯಕ್ಕ ಇಬ್ಬರ ಮೇಲೂ ಹೊದಿಕೆ ಎಳೆದು, ತಾನೂ ಆ ಹಾಸಿಗೆಯ ಅಂಚಿಗೆ ಕೂತಳು.